ಪಡದ ಕಟ್ಟೆ: ಆಳಿಲ್ಲ ಅನ್ನುವವರೂ ಕೆಲಸವಿಲ್ಲ ಅನ್ನುವವರೂ ಒಂದೇ ಊರಿನವರು

ಈ ಸಲದ ಟಪಾಲಿನಲ್ಲಿ ಒಂದು ತಮಾಷೆ ಆಯಿತು. ತಿಕೋಟಾ ತಾಲ್ಲೂಕಿನ ಒಂದೇ ಊರಿನಿಂದ ಎರಡು ಪತ್ರ ಬಂದಿವೆ. ಒಬ್ಬರು ದ್ರಾಕ್ಷಿ ಬೆಳೆಗಾರರು. ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ, ಆಳು ಸಿಗುತ್ತಿಲ್ಲ ಅಂತ ಬರೆದಿದ್ದಾರೆ. ಇನ್ನೊಬ್ಬ ಇಪ್ಪತ್ನಾಲ್ಕು ವರ್ಷದ ಹುಡುಗ. ಊರಲ್ಲಿ ಕೆಲಸ ಸಿಗುತ್ತಿಲ್ಲ ಅಂತ ಬರೆದಿದ್ದಾನೆ. ಇಬ್ಬರನ್ನೂ ಒಂದು ಚಹಾದ ಅಂಗಡಿಯಲ್ಲಿ ಕೂರಿಸಿ ನಾನು ಎದ್ದು ಬಂದುಬಿಟ್ಟರೆ ಈ ತಿಂಗಳ ಅಂಕಣ ಮುಗಿಯಿತು ಅನ್ನಿಸಿತು. ಆದರೆ ಸಂಪಾದಕರು ಒಪ್ಪಬೇಕಲ್ಲ.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಓದಿದ್ದು ಏಳನೇ ಇಯತ್ತೆ. ಹದಿನೆಂಟು ವರ್ಷ ಬೇರೆಯವರ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಕೂಲಿ ಮಾಡಿದ್ದೇನೆ. ಈಗ ಎರಡು ಎಕರೆ ಸ್ವಂತ ದ್ರಾಕ್ಷಿ ಇದೆ. ಜೊತೆಗೆ ಹದಿನಾಲ್ಕು ಹೆಣ್ಣುಮಕ್ಕಳ ಒಂದು ಗ್ಯಾಂಗು ಇದೆ. ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಗಣಪತಿ ಹಬ್ಬ ಮುಗಿದಿರುತ್ತದೆ. ಚಾಟ್ನಿಗೆ ಒಂದು ತಿಂಗಳು ಇರುತ್ತದೆ. ಹಾಗಾಗಿ ಮೊದಲು ಆ ಬೆಳೆಗಾರ ಗೌಡರ ಪತ್ರ. ಪ್ರತಿ ಪತ್ರದ ಕೆಳಗೆ ಬರೆದವರ ಗುರುತಿದೆ, ಆಮೇಲೆ ನನ್ನ ಉತ್ತರ.

ನಾಲ್ಕು ಎಕರೆ ದ್ರಾಕ್ಷಿ ಇದೆ. ಕಳೆದ ವರ್ಷ ಅಕ್ಟೋಬರ್ ಚಾಟ್ನಿಗೆ ಆಳು ಸಿಗದೆ ಹನ್ನೆರಡು ದಿನ ತಡವಾಯಿತು. ಬರುತ್ತೇವೆ ಅಂತ ಅಡ್ವಾನ್ಸ್ ತೆಗೆದುಕೊಂಡ ಗ್ಯಾಂಗು ಬೇರೆಯವರ ಹೊಲಕ್ಕೆ ಹೋಯಿತು. ನಮ್ಮ ಊರಿನ ಜನ ಕೆಲಸವನ್ನೇ ಮರೆತಿದ್ದಾರೆ. ಏನು ಮಾಡಲಿ?
*ದ್ರಾಕ್ಷಿ ಬೆಳೆಗಾರ, ತಿಕೋಟಾ ತಾಲ್ಲೂಕು*

ಗೌಡರೇ, ನಿಮ್ಮ ಸಂಕಟ ನನಗೆ ಗೊತ್ತು. ಹನ್ನೆರಡು ದಿನ ತಡ ಅಂದರೆ ಸುಮ್ನೆ ಅಲ್ಲ. ಚಾಟ್ನಿ ಆದ ಮೇಲೆ ನಾಲ್ಕೂವರೆ ತಿಂಗಳಿಗೆ ಹಣ್ಣು. ಅಲ್ಲಿ ತಡವಾದರೆ ಮಾರ್ಚ್ ಕೊನೆಗೆ ಮಣೂಕ (ಒಣದ್ರಾಕ್ಷಿ) ರ‍್ಯಾಕಿನ ಮೇಲೆ ಇರುತ್ತದೆ, ಆಕಾಶದಲ್ಲಿ ಅಡ್ಡಮಳೆಯ ಮೋಡ ಇರುತ್ತದೆ. ಎಲ್ಲ ಒಪ್ಪಿದೆ. ಆದರೆ ಜನ ಕೆಲಸ ಮರೆತಿದ್ದಾರೆ ಅನ್ನುವ ಮಾತು ಒಪ್ಪಲಾರೆ.

ನೀವೇ ಲೆಕ್ಕ ಹಾಕಿ. ನಿಮಗೆ ಇಪ್ಪತ್ತು ಆಳು ಬೇಕಾಗುವುದು ಅಕ್ಟೋಬರಿನ ನಾಲ್ಕೋ ಐದೋ ದಿನ. ಅದರ ಆಸುಪಾಸಿನ ಹದಿನೈದು ದಿನದೊಳಗೆ ನಿಮ್ಮ ಊರಿನ ಎಲ್ಲರಿಗೂ ಇಪ್ಪತ್ತಿಪ್ಪತ್ತು ಆಳು ಬೇಕು. ನವೆಂಬರಿನಲ್ಲಿ ಹೆಚ್ಚಿನ ಚಿಗುರು ತೆಗೆಯಲು, ತಂತಿಗೆ ಕಟ್ಟಲು ಮತ್ತೆ ಎಲ್ಲರಿಗೂ ಒಟ್ಟಿಗೇ ಬೇಕು. ಆಮೇಲೆ ಗೊಂಚಲನ್ನು ಔಷಧಿ ನೀರಿನಲ್ಲಿ ಅದ್ದುವ ಡಿಪ್ಪಿಂಗ್, ಕಾಳು ತೆಗೆಯುವುದು. ಫೆಬ್ರವರಿ, ಮಾರ್ಚಿನಲ್ಲಿ ಕಟಾವು. ಏಪ್ರಿಲ್‌ನಲ್ಲಿ ಇನ್ನೊಂದು ಚಾಟ್ನಿ. ಈ ನಡುವಿನ ದಿನಗಳಲ್ಲಿ ಆ ಇಪ್ಪತ್ತು ಜನ ಎಲ್ಲಿರುತ್ತಾರೆ, ಏನು ತಿನ್ನುತ್ತಾರೆ ಅಂತ ನಾವು ಯಾರಾದರೂ ಕೇಳಿದ್ದೇವಾ? ನಾನೂ ಬೆಳೆಗಾರಳಾದ ಮೊದಲ ಎರಡು ವರ್ಷ ಕೇಳಿರಲಿಲ್ಲ. ಮರೆವು ಬೇಗ ಬರುತ್ತದೆ. ತಾಂಡಾಗಳಿಗೆ ಹೋಗಿ ನೋಡಿ, ಬೀಗ ಹಾಕಿದ ಮನೆಗಳೇ ಜಾಸ್ತಿ. ಗೋವಾಕ್ಕೆ, ಪುಣೆಗೆ, ಕಬ್ಬು ಕಡಿಯಲು ಹೋದವರು ನಿಮ್ಮ ಐದು ದಿನದ ಪಗಾರಕ್ಕೆ ವಾಪಸ್ ಬರುವುದಿಲ್ಲ.

ನಾನು ಏನು ಮಾಡಿದೆ ಹೇಳುತ್ತೇನೆ. ನಿಮಗೆ ಸರಿಹೊಂದಿದರೆ ನೋಡಿ. ನಮ್ಮ ಅಕ್ಕಪಕ್ಕದ ಆರು ಬೆಳೆಗಾರರು ಆಗಸ್ಟಿನಲ್ಲೇ ಕೂತು ಚಾಟ್ನಿಯ ದಿನ ಹಂಚಿಕೊಳ್ಳುತ್ತೇವೆ. ಕರಿ ಭೂಮಿಯವರು, ಮಳೆ ನಿಂತರೂ ಹೊಲ ಬೇಗ ಆರದವರು ಕೊನೆಗೆ. ಮಡ್ಡಿ ಭೂಮಿಯವರು ಮೊದಲು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಒಂದೇ ಗ್ಯಾಂಗಿಗೆ ಸಾಲಾಗಿ ಕೆಲಸ. ಜಗಳ ಆಗುವುದಿಲ್ಲ ಅಂತಲ್ಲ. ಮೊದಲ ವರ್ಷ ಒಬ್ಬರು ಮಾತು ಕೇಳದೆ ನಡುವೆ ತಲೆ ಹಾಕಿದರು. ಎರಡನೇ ವರ್ಷ ಅವರೇ ಮೊದಲು ಬಂದು ಕೂತರು.

ಗ್ಯಾಂಗಿಗೆ ವರ್ಷ ತುಂಬಿಸುವುದು ಎರಡನೇ ಕೆಲಸ. ಪಡದಲ್ಲಿ ಕೆಲಸ ಇಲ್ಲದಾಗ ನನ್ನ ಹೆಣ್ಣುಮಕ್ಕಳು ಇಂಡಿ ಕಡೆ ಲಿಂಬೆ ಬಿಡಿಸಲು ಹೋಗುತ್ತಾರೆ. ದಾಳಿಂಬೆಗೆ ಚಾಟ್ನಿ ಇದೆ, ಕಾಯಿ ಆರಿಸುವುದು ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಣೂಕ ಶೆಡ್ ಇದೆ. ಹೀಗೆ ತೇಪೆ ಹಾಕಿ ಹಾಕಿ ಹೋದ ವರ್ಷ ಒಬ್ಬೊಬ್ಬರಿಗೆ 240 ದಿನ ಕೂಲಿ ಕೂಡಿತು. ಈ ಲೆಕ್ಕ ನನ್ನ ನೋಟ್‌ಬುಕ್ಕಿನದು, ಸರ್ಕಾರದ್ದಲ್ಲ. ಆದರೆ 240 ದಿನ ಸಿಗುತ್ತದೆ ಅಂತ ಗೊತ್ತಾದ ಮೇಲೆ ಒಬ್ಬಳೂ ಅಡ್ವಾನ್ಸ್ ಮುರಿದಿಲ್ಲ.

ಇನ್ನೊಂದು ಸಣ್ಣ ವಿಷಯ. ನಿಮ್ಮ ಪಡದಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಇದೆಯಾ? ನಗಬೇಡಿ. ಗ್ಯಾಂಗಿನವರು ಹೊಲ ಆರಿಸುವಾಗ ಪಗಾರದ ನಂತರ ಕೇಳುವ ಎರಡನೇ ಪ್ರಶ್ನೆ ಅದು. ನಾಲ್ಕು ತಗಡು, ಒಂದು ಬ್ಯಾರಲ್ ನೀರು. ಅಷ್ಟು ಮಾಡಿ ನೋಡಿ.

ಬಿಎ ಮುಗಿಸಿದ್ದೇನೆ. ಬೆಂಗಳೂರಿನಲ್ಲಿ ಎರಡು ವರ್ಷ ಡೆಲಿವರಿ ಕೆಲಸ ಮಾಡಿ ಬೈಕಿನ ಕಂತು ಕಟ್ಟಿದ್ದಷ್ಟೇ ಲಾಭ. ವಾಪಸ್ ಬಂದೆ. ಊರ ಸುತ್ತ ದ್ರಾಕ್ಷಿ ಇದೆ, ಆದರೆ ನನ್ನಂಥವನಿಗೆ ಇಲ್ಲಿ ಏನು ಕೆಲಸ? ನಮಗೆ ಹೊಲ ಒಂದೂವರೆ ಎಕರೆ, ಅದೂ ಒಣಬೇಸಾಯ.
*ಅದೇ ಊರಿನ ಹುಡುಗ*

ತಮ್ಮಾ, ಬಂದಿದ್ದು ಒಳ್ಳೆಯದಾಯಿತು. "ನನ್ನಂಥವನಿಗೆ" ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ನೀನು ಹುಡುಕುತ್ತಿರುವುದು ನೌಕರಿ. ಪಡದಲ್ಲಿ ನೌಕರಿ ಇಲ್ಲ, ಕಸಬು ಇದೆ.

ಮೊನ್ನೆಯ ಚಾಟ್ನಿಗೆ ನಮ್ಮ ಪಕ್ಕದ ಹೊಲಕ್ಕೆ ಯಾರು ಬಂದಿದ್ದರು ಗೊತ್ತಾ? ಬಿಹಾರದ ಹುಡುಗರು. ಹತ್ತೊಂಬತ್ತು, ಇಪ್ಪತ್ತು ವರ್ಷದವರು. ಅವರೂರಲ್ಲಿ ದ್ರಾಕ್ಷಿ ಬಳ್ಳಿಯೇ ಇಲ್ಲ. ನಾಸಿಕದಲ್ಲಿ ಎರಡು ಸೀಜನ್ ಕಲಿತು ಇಲ್ಲಿಗೆ ಬಂದು, ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿ, ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಕ್ರಿಕೆಟ್ ಆಡುತ್ತಿದ್ದರು. ಬಳ್ಳಿಯ ನಡುವೆ ಹುಟ್ಟಿದ ನೀನು ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ ಅಂತ ಕಾಣುತ್ತದೆ. ಬೈಯುತ್ತಿಲ್ಲ. ನಮ್ಮ ಮನೆಗಳಲ್ಲಿ ಓದಿದ ಹುಡುಗ ಕತ್ತರಿ ಹಿಡಿದರೆ ಮರ್ಯಾದೆ ಕಡಿಮೆ ಅಂತ ನಾವೇ ಕಲಿಸಿದ್ದೇವೆ.

ಕಸಿಯ ಕೆಲಸ ನೋಡು. ನಮ್ಮ ಕಡೆ ನೀರು ಉಪ್ಪು, ಭೂಮಿ ಸವುಳು. ಅದಕ್ಕೇ ಡಾಗ್ರಿಡ್ಜ್ ಅನ್ನುವ ಬೇರಿನ ತಳಿಯ ಸಸಿ ನೆಡುತ್ತಾರೆ. ಅದು ಬರ ಮತ್ತು ಉಪ್ಪನ್ನು ತಡೆಯುತ್ತದೆ. ಸಸಿ ಬೆಳೆದು ಪೆನ್ಸಿಲ್ ದಪ್ಪ ಆದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಹೊಲದಲ್ಲೇ ಕೂತು ಹಣ್ಣು ಕೊಡುವ ಥಾಮ್ಸನ್ ತಳಿಯೋ, ಮಾಣಿಕ್ ಚಮನ್ ತಳಿಯೋ ಕಸಿ ಕಟ್ಟಬೇಕು. ಕಡ್ಡಿಯನ್ನು ಎರಡೂ ಕಡೆ ಆಪು ಬರುವಂತೆ ಕೊಯ್ಯುವುದು, ಸೀಳಿದ ಬೇರುಕಾಂಡದಲ್ಲಿ ಸಿಪ್ಪೆಗೆ ಸಿಪ್ಪೆ ಕೂಡುವಂತೆ ಕೂರಿಸುವುದು, ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದು. ನೋಡಲು ಇಷ್ಟೇ. ನಾನು ಮೊದಲ ಸಲ ನೂರು ಕಸಿ ಕಟ್ಟಿದಾಗ ಚಿಗುರಿದ್ದು 31. ಹೊಲದ ಯಜಮಾನರು ಏನೂ ಅನ್ನಲಿಲ್ಲ, ಆದರೆ ಮರುದಿನ ನನ್ನನ್ನು ಕಳೆ ಕೀಳಲು ಕಳಿಸಿದರು. ಆ ಕಳೆ ಕಿತ್ತದ್ದು ಇನ್ನೂ ನೆನಪಿದೆ. ಮೂರನೇ ವರ್ಷ ನೂರಕ್ಕೆ ತೊಂಬತ್ತರ ಮೇಲೆ ಹೋಯಿತು. ಕಸಿಗೆ ಕೂಲಿ ದಿನದ ಲೆಕ್ಕದಲ್ಲಿ ಅಲ್ಲ, ಗಿಡದ ಲೆಕ್ಕದಲ್ಲಿ. ಕೈ ಕುದುರಿದವರು ದಿನಗೂಲಿಯ ಎರಡರಷ್ಟನ್ನು ಸುಲಭವಾಗಿ ದುಡಿಯುತ್ತಾರೆ.

ಬರೀ ಕಸಿ ಅಲ್ಲ. ಡ್ರಿಪ್ ರಿಪೇರಿ ಮಾಡುವವರಿಗೆ ನಮ್ಮ ತಾಲ್ಲೂಕಿನಲ್ಲಿ ಫೋನ್ ಮಾಡಿ ಮೂರು ದಿನ ಕಾಯುತ್ತೇವೆ. ಚಪ್ಪರಕ್ಕೆ ಕಬ್ಬಿಣದ ಕೋನ ಬೆಸೆಯುವವರು, ಔಷಧಿ ಹೊಡೆಯುವ ಬ್ಲೋವರ್ ರಿಪೇರಿಯವರು, ಮಣ್ಣು ಮತ್ತು ಎಲೆಯ ದೇಟು ಲ್ಯಾಬಿಗೆ ಒಯ್ದು ವರದಿ ತಂದು ಬಿಡಿಸಿ ಹೇಳುವವರು. ಕೊನೆಯದಕ್ಕೆ ನಿನ್ನ ಬಿಎ ಸಾಕು, ಓದಿ ಅರ್ಥ ಮಾಡಿಸಬೇಕು ಅಷ್ಟೇ.

ಕಲಿಯಲು ದಾರಿ ಇದೆ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುತ್ತದೆ, ತಿಂಗಳಿಗೆ ಸ್ವಲ್ಪ ಭತ್ಯೆಯೂ ಇರುತ್ತದೆ. ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಇಲಾಖೆಯಲ್ಲಿ ಕೇಳಿಟ್ಟುಕೋ. ಹಿಟ್ನಳ್ಳಿಯಲ್ಲಿ ಒಂದು, ಇಂಡಿಯಲ್ಲಿ ಒಂದು ಕೃಷಿ ವಿಜ್ಞಾನ ಕೇಂದ್ರ ಇವೆ. ತಿಡಗುಂದಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಡ. ಈ ತಿಂಗಳೇ ಒಂದು ಕಸಿ ಚಾಕು ಕೊಂಡು ನಿಮ್ಮ ಊರಿನ ಗೌಡರ ಪಡಕ್ಕೆ ಹೋಗು. ಅವರಿಗೆ ಆಳು ಬೇಕಾಗಿದೆ. ಮೇಲಿನ ಪತ್ರ ಓದಿದೆಯಲ್ವಾ?

ನಾವು ಅಥಣಿ ತಾಲ್ಲೂಕಿನ ತೆಲಸಂಗ ಕಡೆಯವರು. ನನಗೆ ದಿನಕ್ಕೆ 300, ಗಂಡನಿಗೆ 500 ಕೊಡುತ್ತಾರೆ. ಹೋದ ವರ್ಷ ಚಾಟ್ನಿ ಮುಗಿದ ಮೇಲೆ ಕಡ್ಡಿಯ ಕಣ್ಣಿಗೆ, ಅಂದರೆ ಚಿಗುರು ಒಡೆಯುವ ಜಾಗಕ್ಕೆ, ಔಷಧಿ ಹಚ್ಚುವ ಕೆಲಸಕ್ಕೆ ಹೋಗಿದ್ದೆವು. ಆ ರಾತ್ರಿ ಗಂಡ ಕುಡಿದು ಬಂದಾಗ ಮುಖವೆಲ್ಲ ಕೆಂಪಾಗಿ, ಎದೆ ಹಿಡಿದಂತಾಗಿ, ಉಸಿರು ಸಿಗದೆ ಒದ್ದಾಡಿದರು. ಸಾರಾಯಿ ಕಲಬೆರಕೆ ಅಂದರು. ನನಗೆ ಆ ಔಷಧಿಯ ಮೇಲೆ ಸಂಶಯ.
*ಕೂಲಿ ಕೆಲಸದ ಹೆಣ್ಣುಮಗಳು*

ತಂಗಿ, ನಿನ್ನ ಸಂಶಯ ನಿಜ. ಇದನ್ನು ಬರೆದು ಬಹಳ ಜನಕ್ಕೆ ಉಪಕಾರ ಮಾಡಿದೆ.

ಅಕ್ಟೋಬರ್ ಚಾಟ್ನಿ ಆದ ಕೂಡಲೇ ಕಣ್ಣು ಒಟ್ಟಿಗೆ ಒಡೆಯಲಿ ಅಂತ ಹಚ್ಚುವ ಔಷಧಿಯ ಹೆಸರು ಹೈಡ್ರೋಜನ್ ಸೈನಮೈಡ್. ಡಾರ್ಮೆಕ್ಸ್ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ಮೈಯಲ್ಲಿ ಅದು ಇರುವಾಗ ಸಾರಾಯಿ ಹೊಟ್ಟೆಗೆ ಬಿದ್ದರೆ, ಸಾರಾಯಿಯನ್ನು ಕರಗಿಸುವ ದೇಹದ ಕೆಲಸವನ್ನು ಅದು ತಡೆಯುತ್ತದೆ. ವಿಷ ರಕ್ತದಲ್ಲೇ ನಿಲ್ಲುತ್ತದೆ. ಮುಖ ಕೆಂಪಾಗುವುದು, ಎದೆ ಬಡಿತ, ವಾಂತಿ, ಉಸಿರು ಕಟ್ಟುವುದು, ಎಲ್ಲ ಅದರದ್ದೇ. ಕುಡಿತ ಬಿಡಿಸಲು ಕೊಡುವ ಗುಳಿಗೆ ಹೇಗೆ ಕೆಲಸ ಮಾಡುತ್ತದೋ ಇದೂ ಹಾಗೆ, ಆದರೆ ಯಾರ ಅಳತೆಯೂ ಇಲ್ಲದೆ. ಹಚ್ಚುವ ಹಿಂದಿನ ದಿನವೂ, ಹಚ್ಚಿದ ಮೇಲೆ ಕೆಲವು ದಿನವೂ ಒಂದು ಗುಟುಕೂ ಕುಡಿಯಬಾರದು. ಹಾಗೆ ಆದರೆ ನೇರ ದವಾಖಾನೆಗೆ ಹೋಗಿ, ಔಷಧಿಯ ಬಾಟಲಿಯನ್ನೂ ಒಯ್ಯಿರಿ. ಡಾಕ್ಟರಿಗೆ ಹೆಸರು ಗೊತ್ತಾಗಬೇಕು.

ನಮ್ಮ ಗ್ಯಾಂಗಿನ ನಿಯಮ ಹೀಗಿದೆ. ರಬ್ಬರ್ ಕೈಗವಸು ಬೆಳೆಗಾರರೇ ಕೊಡಬೇಕು, ಇಲ್ಲದಿದ್ದರೆ ಡಬ್ಬ ಮುಟ್ಟುವುದಿಲ್ಲ. ಪೂರ್ತಿ ತೋಳಿನ ಅಂಗಿ. ಬಟ್ಟೆ ಅದ್ದಿ ಬರಿಗೈಯಲ್ಲಿ ಹಿಂಡುವ ಹಳೇ ಪದ್ಧತಿ ಬಂದ್. ಬಸುರಿ ಇರುವವಳು ಆ ದಿನ ಬರುವುದಿಲ್ಲ, ಅವಳ ಪಗಾರ ತಪ್ಪಿಸುವುದೂ ಇಲ್ಲ. ಸಾಬೂನು ಪಡದಲ್ಲೇ ಇರಬೇಕು, ಮನೆಗೆ ಹೋಗಿ ತೊಳೆಯುತ್ತೇನೆ ಅಂದರೆ ದಾರಿಯಲ್ಲಿ ಮಗು ಎತ್ತಿಕೊಳ್ಳುತ್ತೀರಿ.

ಇನ್ನು 300 ಮತ್ತು 500ರ ವಿಷಯ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಅಂತ ಕಾನೂನು ಬಂದಿದ್ದು 1976ರಲ್ಲಿ. ನಾನು ಆಗ ಹುಟ್ಟಿಯೇ ಇರಲಿಲ್ಲ. ಕಾನೂನು ತೋರಿಸಿದರೆ ಬೆಳೆಗಾರರು ಹೇಳುವುದು ಒಂದೇ: "ಅವರದ್ದು ಭಾರದ ಕೆಲಸ." ಗೊಂಚಲನ್ನು ಒಂದೊಂದಾಗಿ ಜಿಎ (ಕಾಳು ದಪ್ಪ ಮಾಡುವ ಔಷಧಿ) ನೀರಿನ ಮಗ್ಗಿನಲ್ಲಿ ಅದ್ದುತ್ತಾ ಎಂಟು ಗಂಟೆ ಕೈ ಮೇಲೆತ್ತಿ ನಿಂತವರಿಗೆ ಭಾರ ಯಾವುದು ಅಂತ ಗೊತ್ತು. ನಾವು ಜಗಳ ಬಿಟ್ಟು ಲೆಕ್ಕ ಬದಲಿಸಿದೆವು. ದಿನದ ಕೂಲಿ ಬಿಟ್ಟು ಗಿಡಕ್ಕೆ ಇಷ್ಟು ಅಂತ ಗುತ್ತಿಗೆ ಹಿಡಿದೆವು. ಗಿಡಕ್ಕೆ ಯಾರು ಕತ್ತರಿ ಹಾಕಿದರು ಅಂತ ಗೊತ್ತಾಗುವುದಿಲ್ಲ ನೋಡು. ಮೊದಲ ವಾರ ಬೆಳೆಗಾರರು ಹಿಂದೆ ಹಿಂದೆ ಬಂದು ಕಣ್ಣು ಎಣಿಸಿದರು. ಆಮೇಲೆ ಬಿಟ್ಟರು.

ಒಂದು ಕೆಲಸ ಈ ವಾರವೇ ಮಾಡು. ಬ್ಯಾಂಕಿನಲ್ಲಿ ಖಾತೆ ಇದ್ದರೆ ಸುರಕ್ಷಾ ಬಿಮಾ ಫಾರ್ಮ್ ತುಂಬು. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ. ಗಂಡನದ್ದೂ ಮಾಡಿಸು. ಟೆಂಪೋದಲ್ಲಿ ಮೂವತ್ತು ಜನ ನಿಂತು ಹೋಗುವ ನಮಗೆ ಅದು ಬೇಕು.

ಬೀಳಗಿ ತಾಲ್ಲೂಕಿನಲ್ಲಿ ಮೂರು ಎಕರೆ ಭಗವಾ ತಳಿಯ ದಾಳಿಂಬೆ. ದುಂಡಾಣು ರೋಗ ಬಂದು ಎರಡು ವರ್ಷ ಕಾಯಿ ಒಡೆದು ಉದುರಿತು. ವರ್ಷವಿಡೀ ಇದ್ದ ಐದು ಆಳುಗಳನ್ನು ಬಿಡಿಸಿದೆ. ಗಿಡ ಕೀಳಬೇಕಾ, ಇಟ್ಟುಕೊಳ್ಳಬೇಕಾ?
*ದಾಳಿಂಬೆ ರೈತ*

ಅಣ್ಣಾ, ಬಿಡಿಸಿದ ಐದು ಆಳಿನ ಲೆಕ್ಕವನ್ನೂ ಬರೆದಿದ್ದೀರಿ. ರೋಗದ ಪತ್ರ ಬರೆಯುವವರು ಸಾಮಾನ್ಯವಾಗಿ ಅದನ್ನು ಬರೆಯುವುದಿಲ್ಲ.

ಗಿಡ ನೋಡದೆ ಕೀಳಿ ಅಂತ ನಾನು ಹೇಳಲಾರೆ. ಆದರೆ ಕಾಂಡದ ಮೇಲೇ ಕಪ್ಪು ಗಾಯ ಸುತ್ತು ಹಾಕಿ ಟೊಂಗೆ ಮುರಿಯುತ್ತಿದ್ದರೆ ಅಂಥ ಗಿಡದ ಆಸೆ ಬಿಡಿ. ಕಿತ್ತು ಸುಡಿ, ಬದುವಿಗೆ ಒಟ್ಟಬೇಡಿ. ಎಲೆ ಮತ್ತು ಕಾಯಿಯ ಮೇಲಷ್ಟೇ ಇದ್ದರೆ ಇನ್ನೂ ದಾರಿ ಇದೆ. ಬಹಾರ, ಅಂದರೆ ಹೂವು ಬಿಡಿಸುವ ಕಾಲ, ಬದಲಿಸಿ. ಮುಂಗಾರಿನ ಮೃಗ ಬಹಾರದಲ್ಲಿ ಕಾಯಿ ಬೆಳೆಯುವುದು ಮಳೆಯಲ್ಲಿ, ರೋಗ ಹಬ್ಬುವುದೂ ಮಳೆಯ ಹನಿ ಸಿಡಿದೇ. ಹಸ್ತ ಬಹಾರದಲ್ಲಿ ಸೆಪ್ಟೆಂಬರ್, ಅಕ್ಟೋಬರಿಗೆ ಹೂವು, ಒಣ ಹವೆಯಲ್ಲಿ ಕಾಯಿ. ಮಳೆ ಹಿಂದೆ ಸರಿಯದ ವರ್ಷ ಗಿಡಕ್ಕೆ ಒಣಗಲು ಬಿಡುವು ಸಿಗುವುದಿಲ್ಲ, ಆ ತೊಂದರೆ ಇದೆ. ಆದರೂ ಅದೇ ವಾಸಿ.

ನನ್ನ ಕಸಬಿಗೆ ಸೇರಿದ ಒಂದು ಮಾತು ಹೇಳಬೇಕು. ಈ ರೋಗ ಹೊಲದಿಂದ ಹೊಲಕ್ಕೆ ನಮ್ಮ ಕತ್ತರಿಯ ಮೇಲೆ ಕೂತೂ ಹೋಗುತ್ತದೆ. ಸುಮಾರು ವರ್ಷಗಳ ಹಿಂದೆ ನಾವು ಒಬ್ಬರ ತೋಟದಲ್ಲಿ ಚಾಟ್ನಿ ಮಾಡಿ ಮರುದಿನ ಅದೇ ಕತ್ತರಿ ಹಿಡಿದು ಇನ್ನೊಬ್ಬರ ತೋಟಕ್ಕೆ ಹೋದೆವು. ಮುಂದಿನ ಮಳೆಗಾಲದಲ್ಲಿ ಆ ಎರಡನೇ ತೋಟದಲ್ಲಿ ಎಲೆಯ ಮೇಲೆ ಎಣ್ಣೆ ಚುಕ್ಕೆ ಕಂಡವು. ನಮ್ಮಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಆಮೇಲೆ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರ ತರಬೇತಿಗೆ ಹೋದಾಗ ತಿಳಿಯಿತು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ನೂರಕ್ಕೆ ಒಂದರ ಸೋಡಿಯಂ ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದಬೇಕಂತೆ. ಅವತ್ತು ಊಟ ಸೇರಲಿಲ್ಲ. ಈಗ ನಮ್ಮಲ್ಲಿ ಒಬ್ಬೊಬ್ಬರ ಸೊಂಟಕ್ಕೂ ಒಂದು ಡಬ್ಬಿ ಕಟ್ಟಿದೆ, ಎರಡು ಕತ್ತರಿ ಇವೆ. ಒಂದು ಅದ್ದಿದ್ದರೆ ಇನ್ನೊಂದು ಕೈಯಲ್ಲಿ. ಕೆಲಸ ಸ್ವಲ್ಪ ನಿಧಾನ ಆಗುತ್ತದೆ. ನಿಮ್ಮ ತೋಟಕ್ಕೆ ಬರುವ ಗ್ಯಾಂಗಿಗೆ ಈ ನಿಧಾನದ ಹಣ ಸೇರಿಸಿ ಕೊಡಿ, ಆಗ ಅವರು ಅದ್ದುತ್ತಾರೆ.

ಹೊಸದಾಗಿ ನೆಡುವುದಾದರೆ ಪಕ್ಕದ ತೋಟದ ಗೂಟಿ ಸಸಿ (ಟೊಂಗೆಗೇ ಬೇರು ಬರಿಸಿ ತೆಗೆದದ್ದು) ಸಸ್ತಾ ಸಿಕ್ಕಿತು ಅಂತ ತರಬೇಡಿ. ರೋಗವೂ ಸಸ್ತಾದಲ್ಲೇ ಬರುತ್ತದೆ. ಮತ್ತೆ ಹವಾಮಾನ ಆಧಾರಿತ ವಿಮೆಗೆ ಕಂತು ಕಟ್ಟಿ, ತೋಟದ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ನೂರಕ್ಕೆ 5. ಆದರೆ ನೆನಪಿಡಿ, ಅದು ಮಳೆ ಮತ್ತು ಬಿಸಿಲಿನ ಅಳತೆಗೆ ದುಡ್ಡು ಕೊಡುತ್ತದೆ, ನಿಮ್ಮ ಕಾಯಿಯ ಮೇಲಿನ ಚುಕ್ಕೆ ನೋಡಿ ಕೊಡುವುದಿಲ್ಲ.

ನಾವು ಇಂಡಿ ತಾಲ್ಲೂಕಿನ ಸ್ವಸಹಾಯ ಸಂಘದ ಹತ್ತು ಜನ. ಮಳೆಗಾಲದಲ್ಲಿ ಲಿಂಬೆ ಕೇಳುವವರಿಲ್ಲದೆ ಗಿಡದ ಕೆಳಗೆ ಕೊಳೆಯುತ್ತದೆ. ಉಪ್ಪಿನಕಾಯಿ ಮಾಡಿ ಮಾರೋಣ ಅಂತ ಇದೆ. ಜೊತೆಗೆ ಮಣೂಕ ಶೆಡ್ಡೂ ಹಾಕಬಹುದಾ? ಸಾಲ ಸಿಗುತ್ತದಾ?
*ಸಂಘದ ಪರವಾಗಿ*

ಅಕ್ಕಂದಿರೇ, ಒಂದು ಸಲಕ್ಕೆ ಒಂದು. ಮೊದಲು ಮಣೂಕ ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತೇನೆ.

ಮಣೂಕ ಮಾಡುವುದು ಕಷ್ಟವಲ್ಲ. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಅದರಲ್ಲಿ ಹಣ್ಣು ಅದ್ದಿ, ನೆರಳಿನ ರ‍್ಯಾಕಿನಲ್ಲಿ ಬಲೆಯ ಮೇಲೆ ಹರಡಿದರೆ ಎರಡು ವಾರದ ಆಸುಪಾಸು ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಕಷ್ಟ ಇರುವುದು ಆ ಎರಡು ವಾರದಲ್ಲಿ. ನನ್ನ ಶೆಡ್ಡಿನ ಎರಡನೇ ವರ್ಷ, ಒಣಗಲು ಮೂರು ದಿನ ಬಾಕಿ ಇರುವಾಗ, ರಾತ್ರಿ ಗಾಳಿ ಮಳೆ ಬಂತು. ತಾಡಪಾಲು ಹಾರಿ ಪಕ್ಕದ ಜೋಳದ ಹೊಲದಲ್ಲಿ ಬಿತ್ತು. ಬೆಳಗ್ಗೆ ನೋಡಿದರೆ ಹಸಿರು ಮಣೂಕ ಕಂದು ಬಣ್ಣಕ್ಕೆ ತಿರುಗಿತ್ತು. ತಿನ್ನಲು ರುಚಿಯಾಗೇ ಇತ್ತು. ವ್ಯಾಪಾರಿ ಒಂದು ಮುಷ್ಟಿ ತೆಗೆದು ನೋಡಿ, ಮಾತಾಡದೆ ಚೀಲಕ್ಕೆ ಹಾಕಿ, ಕೈ ಒರೆಸಿಕೊಂಡ. ಅರ್ಧ ದರಕ್ಕೆ ಹೋಯಿತು. ಅದರ ಹಣವೂ ಎಂಟು ತಿಂಗಳು ತಡವಾಗಿ ಬಂತು. ಹತ್ತು ಜನರ ಹೊಸ ಸಂಘ ಅಂಥ ಒಂದು ರಾತ್ರಿ ತಡೆಯುವುದಿಲ್ಲ.

ಉಪ್ಪಿನಕಾಯಿ ಹಾಗಲ್ಲ. ಕಚ್ಚಾ ಮಾಲು ನಿಮ್ಮ ಹಿತ್ತಲಲ್ಲಿದೆ. ಏಪ್ರಿಲ್, ಮೇನಲ್ಲಿ ಮುಟ್ಟಲಾಗದ ದರ ಇರುವ ಲಿಂಬೆ ಜುಲೈನಲ್ಲಿ ಬಿಡಿಸುವ ಕೂಲಿಗೂ ಸಾಲುವುದಿಲ್ಲ. ಆ ಜುಲೈ ಕಾಯಿಯೇ ನಿಮ್ಮದು. ಇಂಡಿ ಲಿಂಬೆಗೆ 2023ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ಹೋಗಿ ಕೇಳಿ, ಜಿಐ ಹೆಸರನ್ನು ಬಾಟಲಿಯ ಮೇಲೆ ಹಾಕಲು ನೋಂದಣಿ ಹೇಗೆ ಅಂತ. ಸುಮ್ನೆ ಅಚ್ಚು ಹಾಕಿಸಬೇಡಿ.

ಸಾಲದ ವಿಷಯ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗೆ ಪಿಎಂಎಫ್‌ಎಂಇ ಅನ್ನುವ ಯೋಜನೆ 2020ರಲ್ಲಿ ಶುರುವಾಯಿತು. ಕೇಂದ್ರದ್ದು ನೂರಕ್ಕೆ 35ರ ಸಹಾಯಧನ, ನಮ್ಮ ರಾಜ್ಯ 15 ಸೇರಿಸಿ 50 ಮಾಡಿತು, ಮಿತಿ 15 ಲಕ್ಷ. ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಮೂಲಬಂಡವಾಳವೂ ಅದರಲ್ಲೇ ಇದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ ಹೋಗಿ. ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ ಅನ್ನುವುದು ನೆನಪಿರಲಿ. ಬ್ಯಾಂಕಿನವರು ಮೊದಲು ಹೂಂ ಅನ್ನಬೇಕು. ನಾನು ಹೋದಾಗ ಒಬ್ಬ ಮ್ಯಾನೇಜರ್ "ನಿಮ್ಮ ಮನೆಯವರನ್ನು ಕರೆದುಕೊಂಡು ಬನ್ನಿ" ಅಂದರು. ಮರುದಿನ ಹದಿನಾಲ್ಕೂ ಜನರನ್ನು ಕರೆದುಕೊಂಡು ಹೋದೆ. ಇವರೇ ನಮ್ಮ ಮನೆಯವರು ಅಂದೆ. ಕುರ್ಚಿ ಸಾಲಲಿಲ್ಲ.

ಸಾಲಕ್ಕೆ ಮುಂಚೆ ಒಂದು ವರ್ಷ ಐವತ್ತು ಕಿಲೋ ಮಾತ್ರ ಹಾಕಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ಖಾನಾವಳಿಗಳಲ್ಲಿ ಮಾರಿ. ಎರಡನೇ ಸಲ ಕೇಳಿಕೊಂಡು ಯಾರು ಬಂದರು ಅಂತ ಬರೆದಿಡಿ. ಆ ಪಟ್ಟಿಯನ್ನು ಬ್ಯಾಂಕಿಗೆ ಒಯ್ಯಿರಿ. ಯೋಜನಾ ವರದಿ ಅಂತ ಯಾರೋ ಮೂರು ಸಾವಿರ ಕೇಳಿ ಬರೆದುಕೊಡುವ ಕಾಗದಕ್ಕಿಂತ ಅದು ತೂಕದ್ದು.

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಬಿಎಸ್ಸಿ ತೋಟಗಾರಿಕೆ ಓದಬೇಕು ಅಂದರೆ ಅಪ್ಪ, "ಗಿಡ ನೆಡಾಕ ಡಿಗ್ರಿ ಯಾಕ ಬೇಕು?" ಅನ್ನುತ್ತಾರೆ. ಏನು ಹೇಳಲಿ?
*ವಿದ್ಯಾರ್ಥಿನಿ, ಜಮಖಂಡಿ*

ಅಪ್ಪನಿಗೆ 2010ರ ಕಥೆ ಹೇಳು ಮಗಳೇ. ಆ ವರ್ಷ ಯುರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಅನ್ನುವ ಔಷಧಿಯ ಅಂಶ ಮಿತಿಗಿಂತ ಜಾಸ್ತಿ ಸಿಕ್ಕಿತು. ಬಳ್ಳಿಯ ಉದ್ದ ಬೆಳವಣಿಗೆ ತಡೆಯಲು ಎಲ್ಲರೂ ಹೊಡೆಯುತ್ತಿದ್ದ ಔಷಧಿ ಅದು. ಕಂಟೇನರ್‌ಗಳು ಅಲ್ಲೇ ನಿಂತವು. ಗಿಡ ನೆಡಲು ಬರುವವರಿಗೆ ಕೊರತೆ ಇರಲಿಲ್ಲ. ಆ ಔಷಧಿ ಹಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಮುಂಚೆಯೇ ಹೇಳುವವರು ಹೊಲದಲ್ಲಿ ಇರಲಿಲ್ಲ.

ಬಾಗಲಕೋಟೆಯ ವಿಶ್ವವಿದ್ಯಾಲಯ 2008ರಿಂದ ಇದೆ, ನಿನ್ನ ಊರಿನಿಂದ ಬಸ್ಸಿನ ದಾರಿ. ಗೋಕಾಕ ಹತ್ತಿರದ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ. ನಾಲ್ಕು ವರ್ಷದ ಪದವಿ. ರೈತರ ಮಕ್ಕಳ ಕೋಟಾಕ್ಕೆ ಸಿಇಟಿ ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಅದಕ್ಕೆ ಅಪ್ಪನೇ ಟ್ಯೂಷನ್ ಮಾಸ್ತರು, ಹಾಗಂತ ಹೇಳಿದರೆ ಅರ್ಧ ಒಪ್ಪುತ್ತಾರೆ.

ಒಂದು ಕಹಿ ಮಾತೂ ಕೇಳು. ಸರ್ಕಾರಿ ಹುದ್ದೆ ವರ್ಷಾನುಗಟ್ಟಲೆ ಕರೆಯುವುದಿಲ್ಲ. ಮುಗಿಸಿದ ಬಹಳ ಹುಡುಗರು ಔಷಧಿ ಕಂಪನಿಯ ಸೇಲ್ಸ್‌ಗೆ ಹೋಗುತ್ತಾರೆ, ಟಾರ್ಗೆಟ್ ಮುಟ್ಟಿಸಲು ಬೇಡದ ಬಾಟಲಿಯನ್ನೂ ನಮಗೆ ಕಟ್ಟುತ್ತಾರೆ. ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆ ಇದೆ, ಅಂಗಾಂಶ ಕೃಷಿಯ ಲ್ಯಾಬ್‌ಗಳಿವೆ, ರಫ್ತಿನ ಪ್ಯಾಕ್‌ಹೌಸ್‌ಗಳಿವೆ. ಅಥವಾ ಸ್ವಂತ ನರ್ಸರಿ. ರೋಗ ಇಲ್ಲದ ದಾಳಿಂಬೆ ಸಸಿ ಕೊಡುವೆ ಅಂದರೆ ಬೀಳಗಿಯ ಆ ಅಣ್ಣನೇ ಮೊದಲ ಗಿರಾಕಿ.

ಅಕ್ಕಾ, ಡ್ರೋನು, ಮಷೀನು ಎಲ್ಲ ಬರುತ್ತಿವೆ. ನಿಮ್ಮ ಗ್ಯಾಂಗಿನ ಗತಿ ಏನು?
*ಓದುಗ, ಬೆಳಗಾವಿ*

ಬಂದಾಗಿದೆ. ಔಷಧಿ ಹೊಡೆಯಲು ಬ್ಲೋವರ್ ಬಂದಾಗ ನಾವು ಖುಷಿಪಟ್ಟೆವು, ಹೆಗಲ ಮೇಲಿನ ಪಂಪು ಇಳಿಯಿತು. ಬಳ್ಳಿಯ ಯಾವ ಕಣ್ಣು ಬಿಡಬೇಕು, ಯಾವುದು ಕತ್ತರಿಸಬೇಕು ಅಂತ ನೋಡುವ ಮಷೀನು ನಮ್ಮ ಕಡೆ ಇನ್ನೂ ಬಂದಿಲ್ಲ. ಆದರೆ ಮಣೂಕ ಶೆಡ್ಡಿಗೆ ಬಣ್ಣ ನೋಡಿ ಆರಿಸುವ ಮಷೀನು ಬಂತು. ಮೊದಲು ಮೇಜಿನ ಸುತ್ತ ಕೂತು ಕಪ್ಪು ಕಾಳು, ಕಡ್ಡಿ ಆರಿಸುತ್ತಿದ್ದವರು ಹೆಣ್ಣುಮಕ್ಕಳು. ನೆರಳಲ್ಲಿ ಕೂತು ಮಾಡುವ ಕೆಲಸ ಅದೊಂದೇ ಇತ್ತು, ವಯಸ್ಸಾದವರಿಗೆ ಅದನ್ನೇ ಕೊಡುತ್ತಿದ್ದೆವು. ಆ ಶೆಡ್ಡಿನಲ್ಲಿ ನಮ್ಮ ಆರು ಜನರ ಕೆಲಸ ಒಂದೇ ವಾರದಲ್ಲಿ ಹೋಯಿತು.

ಇಬ್ಬರು ಈಗ ನನ್ನ ಜೊತೆ ಲಿಂಬೆಗೆ ಬರುತ್ತಾರೆ. ನಾಲ್ವರು ಮಕ್ಕಳ ಹಿಂದೆ ಗೋವಾಕ್ಕೆ ಹೋದರು. ಅವರಲ್ಲಿ ಒಬ್ಬಾಕೆ ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ಮಳೆ ಹೇಗಿದೆ, ಎಮ್ಮೆ ಕರು ಹಾಕಿತಾ ಅಂತೆಲ್ಲ ಕೇಳಿ, ಇಡುವ ಮುಂಚೆ ಮೆಲ್ಲಗೆ ಕೇಳಿದಳು: "ಈ ಸಲ ಚಾಟ್ನಿ ಎಂದಿನಿಂದ ಚಾಲೂ ಐತಿ, ಅಕ್ಕಾ?"